ಮರೆತ ಅಕ್ಷರ, ಮತ್ತೆ ಓದಿದ ಮಾತು

ಕಲಬುರಗಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಕೆಲವು ವರ್ಷಗಳ ಹಿಂದೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅದನ್ನು ಕೆಳಗಿಳಿಸಿದೆವು. ನನ್ನ ಹಳೆಯ ಅಂಕಪಟ್ಟಿಗಳು, ತಂದೆಯವರ ಕಾಲದ ಉರ್ದು ಕಾಗದಪತ್ರಗಳು, ಅವುಗಳ ಕೆಳಗೆ ತೆಳುವಾದ ಒಂದು ನೋಟುಬುಕ್ಕು ಸಿಕ್ಕಿತು. ತೆರೆದು ನೋಡಿದರೆ ಒಳಗಿದ್ದ ಬರಹ ಕನ್ನಡವೂ ಅಲ್ಲ, ಉರ್ದು ಹಿಂದಿಗಳೂ ಅಲ್ಲ. ಕೊಕ್ಕೆ, ಏಣಿ, ಮೀನು, ಕುಡುಗೋಲು ಇಂಥ ಆಕಾರದ ಗುರುತುಗಳು ಸಾಲಾಗಿ ನಿಂತಿದ್ದವು. ಆ ಅಕ್ಷರಗಳನ್ನು ಮಾಡಿದ ಇಬ್ಬರಲ್ಲಿ ನಾನೂ ಒಬ್ಬ. ಆದರೆ ಅಂದು ಒಂದೇ ಒಂದು ಅಕ್ಷರವನ್ನೂ ನನಗೆ ಓದಲಾಗಲಿಲ್ಲ.

ಸಂಗತಿ ಹೀಗಿದೆ. 1971ರಲ್ಲಿ ನಾನು ಕಮಲಾಪುರದ ಶಾಲೆಯಲ್ಲಿ ಓದುತ್ತಿದ್ದೆ. ಈಗ ತಾಲ್ಲೂಕು ಕೇಂದ್ರವಾಗಿರುವ ಕಮಲಾಪುರ ಆಗ ಗುಲಬರ್ಗಾ ತಾಲ್ಲೂಕಿಗೆ ಸೇರಿದ ಊರು. ಪಕ್ಕದ ತಾಂಡಾದಿಂದ ಬರುತ್ತಿದ್ದ ಲಂಬಾಣಿ ಹುಡುಗನೊಬ್ಬ ನನ್ನ ಜೊತೆಗಾರ. ಮಾಸ್ತರರಿಗೆ ತಿಳಿಯದಂತೆ ಚೀಟಿ ಬರೆಯಬೇಕೆಂದು ಇಬ್ಬರೂ ಸೇರಿ ಒಂದು ಲಿಪಿ ಮಾಡಿದೆವು. ಶಾಲೆಯ ಪರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ತಿದ್ದಿ ತಿದ್ದಿ ಕಲಿತೆವು. ಮರುವರ್ಷ 1972ರ ಬರ ಬಂತು. ಆ ಬರವನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಗೆಳೆಯನ ಮನೆಯವರು ದುಡಿಮೆ ಹುಡುಕಿಕೊಂಡು ಮುಂಬಯಿ ಕಡೆಗೆ ಹೊರಟರು. ಹೋಗುವ ಮುನ್ನ ಅವನು ಈ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟು, ‘ಓದ’ ಎಂದ. ಆಮೇಲೆ ಓದಿದರಾಯಿತೆಂದು ನಾನು ಇಟ್ಟುಬಿಟ್ಟೆ. ಅಕ್ಷರಗಳ ಪಟ್ಟಿ ಬರೆದಿದ್ದ ಹಾಳೆ ಎಲ್ಲಿಯೋ ಕಳೆದುಹೋಯಿತು. ಅವನನ್ನು ಮತ್ತೆ ನೋಡುವ ಯೋಗ ನನಗೆ ಬರಲಿಲ್ಲ.

ಓದುಗ ಮಿತ್ರರೇ, ಮಕ್ಕಳಾಟದ ಈ ಮಾತನ್ನು ಇತಿಹಾಸದ ಪುಟದಲ್ಲಿ ಏಕೆ ಹೇಳಬೇಕೆಂದು ನೀವು ಕೇಳಬಹುದು. ಕಟ್ಟಿದ ಲಿಪಿಯೊಂದನ್ನು ತಾನಾಗಿಯೇ ಕಲಿಯುವುದು ಹೇಗೆ, ಮರೆತ ಲಿಪಿಯನ್ನು ಮರಳಿ ಪಡೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟ ನನಗೆ, ದಾರಿ ನಮ್ಮ ಜಿಲ್ಲೆಯ ಕಲ್ಲುಗಳಲ್ಲಿಯೇ ಸಿಕ್ಕಿತು. ಅದಕ್ಕಾಗಿ ಈ ಮಾತು.

ಲಿಪಿ ತಾನಾಗಿ ಹುಟ್ಟಿದ್ದು, ಅದನ್ನು ಯಾರೂ ಮಾಡಲಾರರು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರಲ್ಲಿ ಸಿಕ್ವೋಯ ಎಂಬಾತನಿದ್ದ. ಅವನಿಗೆ ಯಾವ ಭಾಷೆಯನ್ನೂ ಓದಲು ಬರುತ್ತಿರಲಿಲ್ಲ. ಬಿಳಿಯರು ಕಾಗದ ನೋಡಿ ಮಾತಾಡುವುದನ್ನು ಕಂಡು, ವರ್ಷಗಟ್ಟಲೆ ಕುಳಿತು ತನ್ನ ಭಾಷೆಯ ಉಚ್ಚಾರಕ್ಕೆ ಒಂದೊಂದು ಗುರುತು ಮಾಡಿದ. 1821ರ ಹೊತ್ತಿಗೆ ಲಿಪಿ ಪೂರ್ಣವಾಯಿತು. ಮೊದಲು ಕಲಿತವಳು ಅವನ ಪುಟ್ಟ ಮಗಳು. 1828ರಲ್ಲಿ ಆ ಲಿಪಿಯಲ್ಲಿ ಪತ್ರಿಕೆಯೇ ಹೊರಟಿತು. ನಮ್ಮ ದೇಶದಲ್ಲಿ ಒಡಿಶಾದ ಮಯೂರಭಂಜದ ಪಂಡಿತ ರಘುನಾಥ ಮುರ್ಮು ಅವರು 1925ರಲ್ಲಿ ಸಂತಾಲಿ ಭಾಷೆಗೆ ಓಲ್ ಚಿಕಿ ಎಂಬ ಲಿಪಿ ಮಾಡಿದರು. ಇಂದು ಅದರಲ್ಲಿ ಪಠ್ಯಪುಸ್ತಕಗಳಿವೆ. ನಮ್ಮ ಕೊಡಗಿನ ಐ.ಮಾ. ಮುತ್ತಣ್ಣ ಅವರು 1970ರಲ್ಲಿ ಕೊಡವ ಭಾಷೆಗೆ ಲಿಪಿಯೊಂದನ್ನು ರಚಿಸಿದರು.

ಕೇವಲ ಕಥೆಗಾಗಿ ಕಟ್ಟಿದ ಲಿಪಿಗಳೂ ಇವೆ. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಬೃಹತ್ ಕಥೆಯ ಅನುಬಂಧದಲ್ಲಿ, ಕಥೆಯ ಗಂಧರ್ವರಂಥ ಜನ ಬರೆಯುವ ‘ತೆಂಗ್ವಾರ್’ ಎಂಬ ಲಿಪಿಯ ಕೋಷ್ಟಕವಿದೆ. ಜಗತ್ತಿನಾದ್ಯಂತ ಎಷ್ಟೋ ಓದುಗರು ಗುರುವಿಲ್ಲದೆ, ಆ ಕೋಷ್ಟಕವನ್ನಷ್ಟೇ ಇಟ್ಟುಕೊಂಡು, ಅದನ್ನು ಬರೆಯಲು ಕಲಿತರು. ಇದು ಹೇಗೆ ಸಾಧ್ಯವಾಯಿತು? ಆ ಲಿಪಿಗೆ ಒಂದು ಕ್ರಮವಿದೆ. ‘ತ’ಕಾರಕ್ಕೆ ಒಂದು ಬಿಲ್ಲಿನ ಗೆರೆ, ಅದೇ ಗೆರೆಯನ್ನು ಎರಡು ಮಾಡಿದರೆ ‘ದ’ಕಾರ. ‘ಪ’ದಿಂದ ‘ಬ’ ಆಗುವುದೂ ಹಾಗೆಯೇ. ಕ ಖ ಗ ಘ ಎಂದು ವರ್ಗ ವರ್ಗವಾಗಿ ಬಾಯಿಪಾಠ ಮಾಡಿದ ನಮಗೆ ಇದು ಹೊಸದೆನಿಸದು. ಬಾಯಿಯ ಯಾವ ಎಡೆಯಿಂದ ಧ್ವನಿ ಹೊರಡುತ್ತದೆ ಎಂಬುದರ ಮೇಲೆ ಅಕ್ಷರಗಳನ್ನು ಜೋಡಿಸುವ ವಿದ್ಯೆ ನಮ್ಮ ದೇಶದಲ್ಲಿ ಬಹು ಹಳೆಯದು.

ನಾವು ಹುಡುಗರು ಮಾಡಿದ ಲಿಪಿಗೆ ಇಂಥ ಕ್ರಮವಿರಲಿಲ್ಲ. ‘ಕ’ಕ್ಕೆ ಏಣಿ ಎಂದಾದರೆ ‘ಗ’ಕ್ಕೆ ಇನ್ನೇನೋ. ಮೇಲಾಗಿ ಸೋಮಾರಿತನದಿಂದ ದೀರ್ಘಸ್ವರಗಳನ್ನು ಕೈಬಿಟ್ಟಿದ್ದೆವು. ಕ್ರಮವಿಲ್ಲದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಒಂದು ಗುರುತು ಮರೆತರೆ ಪಕ್ಕದ ಗುರುತು ಅದನ್ನು ನೆನಪಿಸಲಾರದು.

ಹಾಗೆಂದು ಕ್ರಮವಿದ್ದ ಲಿಪಿಗಳು ಮರೆಯಾಗುವುದಿಲ್ಲವೆಂದೂ ಅಲ್ಲ. ಇಡೀ ದೇಶವೇ ತನ್ನ ಮೂಲ ಲಿಪಿಯನ್ನು ಮರೆತ ಉದಾಹರಣೆ ನಮ್ಮ ಕಣ್ಣ ಮುಂದಿದೆ. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1356ರಲ್ಲಿ, ದಿಲ್ಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ ತೋಪ್ರಾ ಎಂಬಲ್ಲಿದ್ದ ಅಶೋಕಸ್ತಂಭವನ್ನು ದಿಲ್ಲಿಗೆ ತರಿಸಿದ. ಅದರ ಮೇಲಿನ ಬರಹವನ್ನು ಓದಲು ಪಂಡಿತರನ್ನು ಕರೆಸಿದ. ಒಬ್ಬರಿಗೂ ಓದಲಾಗಲಿಲ್ಲ. ಅವರು ದಿನವೂ ಬರೆಯುತ್ತಿದ್ದ ನಾಗರಿಯು ಆ ಬ್ರಾಹ್ಮಿಯ ಮರಿಮಗಳೇ ಆಗಿದ್ದರೂ ಅಜ್ಜಿಯ ಮುಖ ಅವರಿಗೆ ಗುರುತು ಸಿಗಲಿಲ್ಲ.

ನಮ್ಮ ಜಿಲ್ಲೆಯಲ್ಲಿಯೂ ಹಾಗೆಯೇ ಆಯಿತು. ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಿಯ ಗುಡಿಯಿದೆ. ಆ ಆವರಣದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ಜೀರ್ಣೋದ್ಧಾರಕ್ಕೆಂದು ತೆರವು ಮಾಡುವಾಗ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬರಹ ಕಂಡಿತು. ಅದು ಅಶೋಕನ ಶಾಸನ. ಯಾವುದೋ ಕಾಲದಲ್ಲಿ ಯಾರೋ ಒಬ್ಬ ಶಿಲ್ಪಿ ವಿಗ್ರಹ ನಿಲ್ಲಿಸಲೆಂದು ಆ ಬರಹದ ನಡುವೆಯೇ ಚೌಕ ತೂತು ಕೊರೆದಿದ್ದಾನೆ. ಅವನನ್ನು ನಾನು ದೂರಲಾರೆ. ಅವನಿಗೆ ಅದು ಒಳ್ಳೆಯ ಕಲ್ಲು, ಅಷ್ಟೇ. ಓದಲು ಬಾರದವನಿಗೆ ಅಕ್ಷರವೂ ಗೀರೂ ಒಂದೇ. ನೋಟುಬುಕ್ಕನ್ನು ಟ್ರಂಕಿನ ತಳಕ್ಕೆ ಹಾಕಿದ ನಾನು ಅವನಿಗಿಂತ ಯಾವುದರಲ್ಲಿ ಮೇಲು?

ಹಾಗಾದರೆ ಬ್ರಾಹ್ಮಿಯನ್ನು ಮರಳಿ ಓದಿದ್ದು ಹೇಗೆ? ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತಾದ ಟಂಕಶಾಲೆಯಲ್ಲಿ ಲೋಹ ಪರೀಕ್ಷೆ ಮಾಡುವ ಅಧಿಕಾರಿ. ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯೂ ಆಗಿದ್ದ. ಸಂಬಳದ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಈ ಅಕ್ಷರಗಳ ಹಿಂದೆ ಬಿದ್ದಿದ್ದ. ಯಾವ ಗುರುತು ಎಷ್ಟು ಸಲ ಬರುತ್ತದೆಂದು ಎಣಿಸಿದ. ಒಂದೇ ಗುರುತಿಗೆ ಮೇಲೆ, ಕೆಳಗೆ, ಪಕ್ಕದಲ್ಲಿ ಸಣ್ಣ ಗೆರೆಗಳು ಸೇರುವುದನ್ನು ಕಂಡು, ಇವು ನಮ್ಮ ಕಾಗುಣಿತದಂಥವೇ ಇರಬೇಕೆಂದು ತಿಳಿದ. 1837ರಲ್ಲಿ ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ಎಂಬಾತ ಸಾಂಚಿಯ ಸ್ತೂಪದ ಕಟಕಟೆಯ ಮೇಲಿದ್ದ ಸಣ್ಣ ಸಣ್ಣ ಬರಹಗಳ ಪ್ರತಿಗಳನ್ನು ಕಳಿಸಿಕೊಟ್ಟ. ಅವುಗಳಲ್ಲಿ ಬಹುಪಾಲು ಎರಡೇ ಗುರುತುಗಳಿಂದ, ಒಂದು ಚುಕ್ಕೆಯೊಂದಿಗೆ, ಮುಗಿಯುತ್ತಿದ್ದವು. ಗುಡಿಯ ಕಂಬದ ಮೇಲೆ, ಮೆಟ್ಟಿಲ ಮೇಲೆ ಜನ ಏನು ಬರೆಸುತ್ತಾರೆ? ಇಂಥವರ ಸೇವೆ, ಇಂಥವರ ಕಾಣಿಕೆ. ಇದೇ ಊಹೆಯಿಂದ ಆ ಕೊನೆಯ ಮಾತು ‘ದಾನಂ’ ಇರಬೇಕೆಂದು ಪ್ರಿನ್ಸೆಪ್ ಹೇಳಿದ. ಊಹೆ ಸರಿಯಾಯಿತು. ದ, ನ ಎರಡೂ ಸಿಕ್ಕವು. ಅದರ ಹಿಂದಿನ ಅಕ್ಷರ, ‘ಇಂಥವರ’ ಎಂಬ ಷಷ್ಠಿಯ ‘ಸ’. ಹೀಗೆ ಒಂದನ್ನು ಹಿಡಿದು ಇನ್ನೊಂದಕ್ಕೆ ಹೋಗುತ್ತ ಇಡೀ ಲಿಪಿ ಕೈಗೆ ಬಂತು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಆ ಕಾಲದ ವಿದ್ವಾಂಸರು ಇಂಥ ಹಳೆಯ ಬರಹ ಸಂಸ್ಕೃತವೇ ಇರಬೇಕೆಂದು ನಿರೀಕ್ಷಿಸಿದ್ದರು. ಅದು ಜನರ ಮಾತಿಗೆ ಹತ್ತಿರವಾದ ಪ್ರಾಕೃತವೆಂದು ತಿಳಿದ ಮೇಲೆಯೇ ಶಾಸನಗಳು ಬಾಯಿಬಿಟ್ಟವು. ಅಕ್ಷರ ಬಂದರೆ ಸಾಲದು. ಬರೆದವನು ಯಾವ ಮಾತಿನಲ್ಲಿ ಬರೆದ ಎಂಬುದೂ ತಿಳಿಯಬೇಕು. ‘ದೇವಾನಾಂಪಿಯ’ನೆಂದು ಕರೆದುಕೊಂಡ ರಾಜ ಅಶೋಕನೇ ಎಂಬುದಕ್ಕೆ ಶಾಸನದಲ್ಲಿಯೇ ಅವನ ಹೆಸರು ದೊರೆತದ್ದು 1915ರಲ್ಲಿ, ಅಂದಿನ ಹೈದರಾಬಾದು ಸಂಸ್ಥಾನದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ, ರಾಜನ ಉಬ್ಬುಶಿಲ್ಪದೊಂದಿಗೆ ‘ರಾಯ ಅಸೋಕೊ’ ಎಂಬ ಬ್ರಾಹ್ಮಿ ಬರಹ ಸಿಕ್ಕಿತು. ‘ರಾಯ’ ಎಂಬ ಮಾತು ನಮ್ಮ ಕಡೆಯ ಹೆಸರುಗಳ ಕೊನೆಯಲ್ಲಿ ಇಂದಿಗೂ ಕೇಳುತ್ತದೆಯಲ್ಲವೇ!

ಒಂದು ಮನೆಯಲ್ಲಿ ಲಿಪಿ ಮರೆಯಾಗಲು ಸಾವಿರ ವರ್ಷ ಬೇಕಾಗಿಲ್ಲ. ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ನಮ್ಮ ತಂದೆಯವರು ಮನೆಯಲ್ಲಿ ಕನ್ನಡ ಮಾತಾಡಿ, ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದರು. 1948ರ ಸೆಪ್ಟೆಂಬರ್ 17ರಂದು ಆ ಆಳಿಕೆ ಮುಗಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಾನು ಕನ್ನಡದಲ್ಲಿ ಓದಿದೆ. ಕಲಬುರಗಿಯಲ್ಲಿ ಉರ್ದು ಇಂದಿಗೂ ಜೀವಂತವಾಗಿದೆ. ಆದರೆ ಟ್ರಂಕಿನಲ್ಲಿದ್ದ ತಂದೆಯವರ ಕೈಬರಹವನ್ನು ಓದಲು ನಾನು ಪಕ್ಕದ ಓಣಿಯವರನ್ನು ಕೇಳಬೇಕಾಯಿತು. ಒಂದೇ ತಲೆಮಾರಿನಲ್ಲಿ ನಮ್ಮ ಮನೆಯ ಮಟ್ಟಿಗೆ ಆ ಅಕ್ಷರ ಮುಚ್ಚಿಹೋಗಿತ್ತು.

ಇನ್ನು ನನ್ನ ನೋಟುಬುಕ್ಕಿಗೆ ಬರುತ್ತೇನೆ. ಪ್ರಿನ್ಸೆಪ್ ಮಾಡಿದಂತೆ ನಾನೂ ಎಣಿಸಿದೆ. ಒಟ್ಟು 31 ಗುರುತುಗಳು. ಮೊದಲ ಪುಟಗಳ ಬಹುತೇಕ ಸಾಲುಗಳು ಮೀನಿನ ಗುರುತಿನಿಂದ ಮುಗಿಯುತ್ತಿದ್ದವು. ಕನ್ನಡ ವಾಕ್ಯದ ಕೊನೆಗೆ ಬರುವುದು ‘ಇದೆ’ ಅಥವಾ ‘ಅದ’ ತಾನೇ ಎಂದುಕೊಂಡು ಮೀನಿಗೆ ‘ದ’ ಎಂದು ಹೆಸರಿಟ್ಟೆ. ತಿಂಗಳುಗಟ್ಟಲೆ ಒದ್ದಾಡಿದೆ. ಒಂದು ಪದವೂ ಅರ್ಥವಾಗಲಿಲ್ಲ. ಇತಿಹಾಸದ ಮೇಷ್ಟರಾಗಿ, ಪ್ರಿನ್ಸೆಪ್ ಕಾಲದ ವಿದ್ವಾಂಸರು ಸಂಸ್ಕೃತ ಹುಡುಕಿ ಸೋತದ್ದನ್ನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೆ. ಅದೇ ತಪ್ಪನ್ನು ನಾನೇ ಮಾಡುತ್ತಿದ್ದೇನೆಂಬುದು ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ಕಮಲಾಪುರದ ಬಸ್ ನಿಲ್ದಾಣದಲ್ಲಿ. ಅಲ್ಲಿಯ ಕೆಂಪು ಬಾಳೆಹಣ್ಣು ಕೊಳ್ಳುತ್ತ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಲಂಬಾಣಿ ಹೆಂಗಸರು ತಮ್ಮ ಮಾತಿನಲ್ಲಿ ಹರಟುತ್ತಿದ್ದರು. ಮಾತಿನ ಕೊನೆಗೆ ಮತ್ತೆ ಮತ್ತೆ ‘ಛ’, ‘ಛ’ ಎಂದು ಕೇಳಿತು. ನಮ್ಮ ‘ಇದೆ’ಗೆ ಲಂಬಾಣಿಯಲ್ಲಿ ‘ಛ’ ಎನ್ನುತ್ತಾರೆ. ಗೆಳೆಯನಿಗೆ ಶಾಲೆಯಲ್ಲಿ ಕನ್ನಡ ಬರೆಯಲು ಕನ್ನಡದ ಅಕ್ಷರವಿತ್ತು. ಮನೆಯ ಮಾತಿಗೆ ತನ್ನದೇ ಆದ ಲಿಪಿ ಇರಲಿಲ್ಲ. ನಾನು ಆಟಕ್ಕೆಂದು ಕಲಿತ ಅಕ್ಷರವನ್ನು ಅವನು ತನ್ನ ತಾಯಿಯ ಮಾತು ಬರೆಯಲು ಇಟ್ಟುಕೊಂಡಿದ್ದ.

ಆ ರಾತ್ರಿ ಮೀನಿಗೆ ‘ಛ’ ಎಂದು ಹೆಸರಿಟ್ಟು ಕುಳಿತೆ. ಬಾಲ್ಯದಲ್ಲಿ ತಾಂಡಾದಲ್ಲಿ ಆಡುತ್ತ ಕೇಳಿದ್ದ ಪದಗಳು ಒಂದೊಂದಾಗಿ ಬಂದವು. ‘ಯಾಡಿ’ ಎಂದರೆ ತಾಯಿ. ‘ಪಾಣಿ’ ಎಂದರೆ ನೀರು. ‘ಬಾಟಿ’ ಎಂದರೆ ರೊಟ್ಟಿ. ‘ಯಾಡಿ’ಯ ಕೊನೆಯ ‘ಡಿ’, ‘ಬಾಟಿ’ಯ ಕೊನೆಯ ‘ಟಿ’ ಎರಡಕ್ಕೂ ಒಂದೇ ಬಗೆಯ ಕೊಕ್ಕೆ ಇತ್ತು, ಅದು ಇಕಾರ. ಹದಿನೈದು ದಿನಗಳಲ್ಲಿ 31 ಗುರುತುಗಳಲ್ಲಿ 27 ನನ್ನ ಕೈಗೆ ಬಂದವು.

ಅದು ಮನೆಯ ಲೆಕ್ಕ. ಮನೆಯಲ್ಲಿ ಯಾಡಿ ಇದ್ದಾಳೆ. ಆಡು ಇದೆ. ಕೋಳಿ ಇದೆ. ಸಾಲು ಸಾಲಿನ ಕೊನೆಗೆ ‘ಛ’. ಕೊನೆಯ ಪುಟದಲ್ಲಿ ಮಾತ್ರ ಮೀನಿನ ಗುರುತು ಇರಲಿಲ್ಲ. ಅಲ್ಲಿ ಪ್ರತಿ ಸಾಲೂ ಬೇರೆ ಎರಡು ಗುರುತುಗಳಿಂದ ಮುಗಿಯುತ್ತಿತ್ತು. ‘ಕೋನಿ’. ಹಾಗೆಂದರೆ ‘ಇಲ್ಲ’. ಪಾಣಿ ಕೋನಿ. ಬಾಟಿ ಕೋನಿ. ನಾನು ಓದದೆ ಇಟ್ಟುಬಿಟ್ಟ ಪುಟ ಅದು. ಆಗಲೇ ಓದಿದ್ದರೆ ಹುಡುಗನಾದ ನಾನು ಮಾಡಬಹುದಾದದ್ದು ಏನಿತ್ತೋ ತಿಳಿಯದು. ನಮ್ಮ ಮನೆಯಲ್ಲಿ ಆ ವರ್ಷವೂ ಜೋಳವಿತ್ತು ಎಂಬುದು ಮಾತ್ರ ನೆನಪಿದೆ.

ಹೀಗೆ ಓದಲು ಬಂದರೂ ಬರೆಯಲು ಬರುತ್ತಿರಲಿಲ್ಲ. ಓದುವುದು ಒಂದು, ಬರೆಯುವುದು ಇನ್ನೊಂದು. ಮತ್ತೆ ಎಳೆಯನಂತೆ ತಿದ್ದಿ ಕಲಿತೆ. ಯಾವುದೇ ಹೊಸ ಲಿಪಿಯನ್ನು ತಾವಾಗಿ ಕಲಿಯಬಯಸುವವರಿಗೆ ಆ ಅನುಭವದಿಂದ ನಾಲ್ಕು ಮಾತು ಹೇಳಬಹುದು. ದಿನಕ್ಕೆ ಐದು ಅಕ್ಷರ ಸಾಕು. ಹೆಚ್ಚು ಕಲಿತರೆ ಹೆಚ್ಚು ಮರೆಯುತ್ತದೆ. ಮೊದಲು ಮನೆಯವರ ಹೆಸರುಗಳನ್ನು ಬರೆಯಿರಿ. ಬಲ್ಲ ಹೆಸರು ಹೊಸ ಅಕ್ಷರಕ್ಕೆ ಆಸರೆ. ಕೆಳಗೆ ಕನ್ನಡದಲ್ಲಿ ಅರ್ಥ ಬರೆಯಬೇಡಿ. ಬರೆದರೆ ಕಣ್ಣು ಅಲ್ಲಿಗೇ ಓಡುತ್ತದೆ. ಇಂದು ಬರೆದದ್ದನ್ನು ನಾಳೆ ಬೆಳಿಗ್ಗೆ ಓದಿ ನೋಡಿ. ಆಗ ನಿಮ್ಮ ತಪ್ಪು ನಿಮಗೇ ಕಾಣುತ್ತದೆ.

ಅಭ್ಯಾಸಕ್ಕೆ ಬ್ರಾಹ್ಮಿಗಿಂತ ಒಳ್ಳೆಯದು ಬೇರೊಂದಿಲ್ಲ. ಕೂಡಿಸುವ ಚಿಹ್ನೆ ಬರೆಯಿರಿ, ಅದು ‘ಕ’. ಗುಡಿಸಲ ಮಾಡಿನಂತೆ ಎರಡು ಓರೆ ಗೆರೆ ಕೂಡಿಸಿದರೆ ‘ಗ’. ನಮ್ಮ ಇಂದಿನ ‘ಗ’ದ ಕಮಾನು ಅದರ ಮಗುವೇ. ನೆಟ್ಟ ಗೆರೆಯೊಂದು ‘ರ’. ಬರಿಯ ಸೊನ್ನೆ ‘ಠ’. ಆ ಸೊನ್ನೆ ನಮ್ಮ ‘ಠ’ದಲ್ಲಿ ಇಂದಿಗೂ ಉಳಿದಿದೆ. ತಲೆಯ ಬಲಕ್ಕೆ ಒಂದು ಗೀಟು ಎಳೆದರೆ ಆಕಾರ, ಎಡಕ್ಕೆ ಎಳೆದರೆ ಏಕಾರ, ಎರಡೂ ಕಡೆ ಎಳೆದರೆ ಓಕಾರ. ಇಷ್ಟು ಬಂದರೆ ‘ರಾಯ ಅಸೋಕೊ’ ಎಂಬ ಐದು ಅಕ್ಷರಗಳಲ್ಲಿ ‘ರಾ’ ಮತ್ತು ‘ಕೊ’ ಎರಡನ್ನು ನೀವು ಈಗಲೇ ಬರೆಯಬಲ್ಲಿರಿ.

ತಪ್ಪಾಗುವುದೆಂದು ಹೆದರಬೇಕಾಗಿಲ್ಲ. ಸನ್ನತಿಯ ಚಪ್ಪಡಿಯ ಮೇಲಿರುವ ಶಾಸನಗಳಲ್ಲಿ ಅಶೋಕನ ಹದಿನಾಲ್ಕನೆಯ ಆಜ್ಞೆಯೂ ಒಂದು. ಕೆಲವೆಡೆ ಬರಹ ಅಪೂರ್ಣವಾಗಿರಬಹುದು, ಅದಕ್ಕೆ ಬರೆದ ಲಿಪಿಕಾರನ ದೋಷವೂ ಕಾರಣವಿರಬಹುದು ಎಂಬ ಅಭಿಪ್ರಾಯ ಆ ಆಜ್ಞೆಯಲ್ಲಿದೆ. ಚಕ್ರವರ್ತಿಯೇ ಲಿಪಿಕಾರನ ತಪ್ಪಿಗೆ ಎಡೆ ಬಿಟ್ಟಿದ್ದಾನೆ!

ಕಳೆದ ಬೇಸಿಗೆಯಲ್ಲಿ ನೋಟುಬುಕ್ಕನ್ನು ಹಿಡಿದು ತಾಂಡಾಕ್ಕೆ ಹೋದೆ. ಗೆಳೆಯ ಮುಂಬಯಿಯಲ್ಲಿಯೇ ತೀರಿಕೊಂಡಿದ್ದ. ಮಗ ಊರಿಗೆ ಮರಳಿ ಮನೆ ಕಟ್ಟಿಕೊಂಡಿದ್ದ. ಹೈಸ್ಕೂಲು ಓದುವ ಮೊಮ್ಮಗಳು ಪಕ್ಕದಲ್ಲಿ ಬಂದು ಕುಳಿತಳು. ನಾನು ಅಕ್ಷರದ ಮೇಲೆ ಬೆರಳಿಟ್ಟು ‘ಯಡಿ’ ಎಂದು ಓದಿದೆ.

‘ಅಜ್ಜಾ, ನೀವು ತಪ್ಪ ಓದ್ಲಕತ್ತೀರಿ. ಅದು ಯಡಿ ಅಲ್ರಿ, ಯಾಡಿ,’ ಎಂದಳು.

ದೀರ್ಘವನ್ನು ಬಿಟ್ಟು ಲಿಪಿ ಮಾಡಿದ್ದ ನಮ್ಮ ಸೋಮಾರಿತನ ಮತ್ತೆ ಎದುರಿಗೆ ಬಂತು. ಪದದ ಅರ್ಥ ನನಗೆ ಗೊತ್ತಿತ್ತು; ಆದರೂ ಅಕ್ಷರ ನೋಡಿ ಓದುವಾಗ ನಾಲಿಗೆ ತಪ್ಪಿತು. ಅವಳಿಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ಅದು ಅವಳ ತಾಯಿಯ ಮಾತು. ನಾನು ಅಕ್ಷರ ತೋರಿಸುತ್ತ ಹೋದೆ, ಅವಳು ತಿದ್ದುತ್ತ ಹೋದಳು. ನನಗೆ ಒಲಿಯದೆ ಉಳಿದಿದ್ದ ನಾಲ್ಕು ಗುರುತುಗಳಲ್ಲಿ ಮೂರನ್ನು ಅವಳೇ ಬಿಡಿಸಿದಳು. ಸಂಜೆಯ ಬಸ್ಸಿಗೆ ನಾನು ಹೊರಡುವ ಹೊತ್ತಿಗೆ, ಮನೆಯ ಮುಂದಿನ ಪರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಅಜ್ಜನ ಹೆಸರನ್ನು ಅಜ್ಜನ ಅಕ್ಷರದಲ್ಲಿಯೇ ಬರೆದಿದ್ದಳು. ಒಂದು ಕಡೆ ತಪ್ಪಿತ್ತು. ನಾನು ತಿದ್ದಿದೆ. ನೋಟುಬುಕ್ಕನ್ನು ಅವಳ ಕೈಗೆ ಕೊಟ್ಟು ಬಂದೆ.